ಆಡಿದ ಕಾರ್ಡು

"ಬುದ್ಧಿ, ಜೋಪಾನ ಎಲ್ಲಿಗೆ ಮುಗಿಯುತ್ತದೆ? ಆಸೆ ಎಲ್ಲಿಂದ ಶುರುವಾಗುತ್ತದೆ?"

ಕೇಳಿದವನು ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದ ಶಿಷ್ಯ. ಹಿಂದಿನ ದಿನ ಒಬ್ಬ ಬಡವ ಬಂದು ಕಂಬಳಿ ಕೇಳಿದ್ದ. ಶಿಷ್ಯ ಹೊಸ ಕಂಬಳಿಯನ್ನು ಒಳಗಿಟ್ಟು ಹಳೆಯದನ್ನು ಕೊಟ್ಟು ಕಳಿಸಿದ್ದ. ಮಾಡಿದ್ದು ಸರಿಯೋ ತಪ್ಪೋ ಎಂದು ಅವನಿಗೆ ಬಗೆಹರಿದಿರಲಿಲ್ಲ.

ಸ್ವಾಮಿಗಳು, "ಕೂತುಕೋ" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಣ್ಣದ ವ್ಯಾಪಾರಿ ಇದ್ದ. ಹೆಸರು ಬಸವಂತಪ್ಪ. ಗೋಡೆಗೆ ಹೊಡೆಯುವ ಬಣ್ಣ, ಸುಣ್ಣ, ಬ್ರಷ್ಷು ಮಾರುತ್ತಿದ್ದ. ವ್ಯಾಪಾರ ಚೆನ್ನಾಗಿತ್ತು. ಹೆಂಡತಿ ತೀರಿಕೊಂಡಿದ್ದಳು. ಮಗಳು ಮದುವೆಯಾಗಿ ಗಂಡನ ಊರು ಸೇರಿದ್ದಳು. ಅವನಿಗೆ ಚಟಗಳಿರಲಿಲ್ಲ. ಹೋಗಿ ಕೂತು ಹರಟುವಂಥ ಮನೆಗಳೂ ಇರಲಿಲ್ಲ. ಗಿರಾಕಿಗಳಿದ್ದರು, ಅಷ್ಟೆ.

ಒಂದು ದಿನ ಒಬ್ಬ ಗಿರಾಕಿ ಬಂದ. ಅವನು ತನ್ನ ಹಳೆಯ ಮನೆಗೆ ಬಣ್ಣ ಹೊಡೆಸುತ್ತಿದ್ದ. ಗೋಡೆಯ ಗೂಡು ಖಾಲಿ ಮಾಡುವಾಗ ಅದರಲ್ಲಿ ಒಂದು ಚಿಕ್ಕ ಕಾರ್ಡು ಸಿಕ್ಕಿತ್ತು. ಅದನ್ನು ತಂದು ಬಸವಂತಪ್ಪನ ಮುಂದಿಟ್ಟು, "ಇದರಲ್ಲಿರುವ ಹಸಿರು ನೋಡಿ. ಕಿಟಕಿಗೆ ಇದೇ ಹಸಿರು ಬೇಕು" ಎಂದ.

ಬಸವಂತಪ್ಪ ಹಸಿರನ್ನು ನೋಡಲಿಲ್ಲ. ಕಾರ್ಡಿನಲ್ಲಿ ಒಬ್ಬ ಪೈಲ್ವಾನ ತೊಡೆ ತಟ್ಟಿ ನಿಂತಿದ್ದ. ಬಸವಂತಪ್ಪ ಅವನನ್ನೇ ನೋಡುತ್ತ ನಿಂತ. ಗಿರಾಕಿಗೆ ಬಣ್ಣ ಕೊಟ್ಟ ಮೇಲೆ, "ಈ ಕಾರ್ಡು ನನಗೆ ಬಿಟ್ಟು ಹೋಗುತ್ತೀರಾ?" ಎಂದು ಕೇಳಿದ. ಗಿರಾಕಿ ನಕ್ಕು ಬಿಟ್ಟು ಹೋದ.

ಬಸವಂತಪ್ಪ ಚಿಕ್ಕವನಿದ್ದಾಗ ಆ ಕಾರ್ಡುಗಳು ಎಲ್ಲ ಅಂಗಡಿಯಲ್ಲೂ ಸಿಗುತ್ತಿದ್ದವು. ಒಂದು ಪೆಪ್ಪರ್‌ಮೆಂಟು ಕೊಂಡರೆ ಅಂಗಡಿಯವರು ಒಂದು ಕಾರ್ಡು ಕೊಡುತ್ತಿದ್ದರು. ಮುಂದೆ ಪೈಲ್ವಾನನ ಚಿತ್ರ. ಹಿಂದೆ ಅವನ ಎತ್ತರ, ತೂಕ, ಎದೆಯ ಸುತ್ತಳತೆ. ಮಕ್ಕಳು ಪೆಪ್ಪರ್‌ಮೆಂಟನ್ನು ಎರಡು ಸಲ ಚೀಪಿ ನುಂಗಿಬಿಡುತ್ತಿದ್ದರು. ಅವರಿಗೆ ಬೇಕಾದದ್ದು ಕಾರ್ಡು. ಕೆಲವು ವರ್ಷದ ನಂತರ ಕ್ರಿಕೆಟ್ ಆಟಗಾರರ ಕಾರ್ಡುಗಳು ಬಂದವು. ಆಗ ಪೈಲ್ವಾನರದು ಹಳೇ ಸೆಟ್ಟು ಎನಿಸಿಕೊಂಡಿತು. ಆಮೇಲೆ ಎರಡೂ ನಿಂತುಹೋದವು.

ಆ ಕಾರ್ಡುಗಳಿಂದ ಆಡುವ ಆಟ ಒಂದಿತ್ತು. ಒಬ್ಬ ತನ್ನ ಕಾರ್ಡನ್ನು ನೆಲದ ಮೇಲೆ ಇಡುತ್ತಾನೆ. ಇನ್ನೊಬ್ಬ ತನ್ನ ಕಾರ್ಡನ್ನು ಅದರ ಪಕ್ಕಕ್ಕೆ ರಪ್ಪನೆ ಬಡಿಯುತ್ತಾನೆ. ಬಡಿದ ಗಾಳಿಗೆ ನೆಲದ ಕಾರ್ಡು ಮಗುಚಿಬಿದ್ದರೆ ಅದು ಬಡಿದವನದು. ಮಗುಚದಿದ್ದರೆ ಬಡಿದವನ ಕಾರ್ಡು ಅಲ್ಲೇ ಕೂರುತ್ತದೆ, ಬಡಿಯುವ ಸರದಿ ಮೊದಲಿನವನದು. ಬಸವಂತಪ್ಪ ಈ ಆಟದಲ್ಲಿ ಗಟ್ಟಿಗನಾಗಿದ್ದ. ಗೆದ್ದ ಕಾರ್ಡುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಟ್ಟಿದ್ದ. ಒಮ್ಮೆ ಮನೆ ಬದಲಾಯಿಸುವಾಗ ಡಬ್ಬಿ ಕಳೆದುಹೋಯಿತು. ಕೆಲವು ದಿನ ಅತ್ತ. ಆಮೇಲೆ ಮರೆತ. ಮರೆತಿದ್ದೇನೆ ಎಂದು ತಿಳಿದಿದ್ದ.

ಗಿರಾಕಿ ಬಿಟ್ಟುಹೋದ ಕಾರ್ಡು ಬಂದ ಮೇಲೆ ಅವನು ಹಳೇ ಸೆಟ್ಟನ್ನು ಹುಡುಕತೊಡಗಿದ. ಗುಜರಿ ಅಂಗಡಿಗಳಲ್ಲಿ ಕೇಳಿದ. ಸಂತೆಗಳಲ್ಲಿ ಕೇಳಿದ. ನೆಂಟರ ಮನೆಯ ಅಟ್ಟಗಳನ್ನು ಹುಡುಕಿಸಿದ. ಒಂದಷ್ಟು ಸಿಕ್ಕವು. ತನ್ನಂತೆ ಹುಡುಕುವವರು ಬೇರೆ ಊರುಗಳಲ್ಲೂ ಇದ್ದಾರೆಂದು ತಿಳಿಯಿತು. ನಗರದಲ್ಲಿ ಇಂಥ ಕಾರ್ಡುಗಳಿಗೆ ಬೆಲೆ ಕಟ್ಟುವವನೊಬ್ಬ ಇದ್ದಾನೆಂದೂ ತಿಳಿಯಿತು. ಬಸವಂತಪ್ಪ ತನ್ನ ಕಾರ್ಡುಗಳನ್ನು ಅವನ ಬಳಿಗೆ ಒಯ್ದ.

ಬೆಲೆ ಕಟ್ಟುವವನು ಹಸಿರು ಕಾರ್ಡನ್ನು ಭೂತಗನ್ನಡಿಯ ಕೆಳಗೆ ಹಿಡಿದ. ಮೂಲೆಗಳನ್ನು ನೋಡಿದ. ಅಂಚು ನೋಡಿದ. ನೋಡಿ ಬದಿಗಿಟ್ಟ.

"ಇದು ಆಡಿದ ಕಾರ್ಡು. ಇದಕ್ಕೆ ಬೆಲೆ ಬರುವುದಿಲ್ಲ."

"ಆಡಿದ್ದು ಅಂದರೆ?"

"ಮಕ್ಕಳ ಕೈಗೆ ಸಿಕ್ಕಿದ್ದು."

ಮೂಲೆ ಚೂಪಾಗಿರಬೇಕು, ಮೈಮೇಲೆ ಗೆರೆ ಇರಬಾರದು, ಹಿಂಬದಿ ಬೆಳ್ಳಗಿರಬೇಕು ಎಂದು ಅವನು ತಿಳಿಸಿಹೇಳಿದ. ಕಾರ್ಡುಗಳನ್ನು ಮಾಡಿದ್ದು ಮಕ್ಕಳಿಗಾಗಿ. ಮಗುವಿನ ಕೈ ತಾಗದೆ ಉಳಿದಿದ್ದರೆ ಮಾತ್ರ ಬೆಲೆ. ಬಸವಂತಪ್ಪನಿಗೆ ಮೊದಲು ಇದು ವಿಚಿತ್ರ ಎನಿಸಿತು. ಆಮೇಲೆ ಅಭ್ಯಾಸವಾಯಿತು.

ಅವನು ಆಡಿದ ಕಾರ್ಡುಗಳನ್ನೆಲ್ಲ ಒಂದು ಬಟ್ಟೆ ಚೀಲಕ್ಕೆ ಹಾಕಿ ಮೂಲೆಗಿಟ್ಟ. ಆಡದ ಕಾರ್ಡುಗಳನ್ನು ಕೊಳ್ಳತೊಡಗಿದ. ಒಂದೊಂದನ್ನೂ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬೀರುವಿನಲ್ಲಿ ಜೋಡಿಸಿದ. ಬೀರು ತೆರೆಯುವ ಮುಂಚೆ ಕೈ ತೊಳೆದು ಒರೆಸಿಕೊಳ್ಳುತ್ತಿದ್ದ. ರಜೆಗೆ ಮೊಮ್ಮಗಳು ಬಂದಾಗ ದೂರದಿಂದ ತೋರಿಸಿದ. ಅವಳು ಕೈ ಚಾಚಿದಳು. ಅವನು ಬೀರು ಮುಚ್ಚಿದ.

ಹಳೇ ಸೆಟ್ಟಿನಲ್ಲಿ ಒಂದೇ ಒಂದು ಉಳಿಯಿತು. ಅದು ಸಿಡಿಲು ಸಂಗಪ್ಪನೆಂಬ ಪೈಲ್ವಾನನ ಕಾರ್ಡು. ಅದನ್ನು ಕಂಪನಿಯವರೇ ಕಡಿಮೆ ಅಚ್ಚು ಹಾಕಿಸಿದ್ದರಂತೆ. ಸಿಕ್ಕ ಮಕ್ಕಳು ಆಡಿ ಆಡಿ ಸವೆಸಿದ್ದರು. ಆಡದ ಸಂಗಪ್ಪನನ್ನು ನೋಡಿದವರು ಯಾರೂ ಇರಲಿಲ್ಲ. ಬೆಲೆ ಕಟ್ಟುವವನು, "ಅದೊಂದು ಸಿಕ್ಕರೆ ನಿಮ್ಮ ಸೆಟ್ಟಿಗೆ ಸಾಟಿ ಇಲ್ಲ" ಎಂದಿದ್ದ. ಬಸವಂತಪ್ಪನಿಗೆ ಬೀರು ತೆರೆದಾಗಲೆಲ್ಲ ಇದ್ದ ಕಾರ್ಡುಗಳಿಗಿಂತ ಇಲ್ಲದ ಜಾಗವೇ ಮೊದಲು ಕಾಣುತ್ತಿತ್ತು.

ಹೀಗಿರುವಾಗ ಊರೂರು ತಿರುಗುವ ಬಣ್ಣದ ಕಂಪನಿಯ ಏಜೆಂಟ್ ಒಂದು ಸುದ್ದಿ ತಂದ. ದೂರದ ಸಣ್ಣ ಊರಿನಲ್ಲಿ ಒಂದು ಕಿರಾಣಿ ಅಂಗಡಿ. ಅದರ ಮೇಲಿನ ಹಲಗೆಯಲ್ಲಿ ಪೈಲ್ವಾನರ ಕಾರ್ಡಿನ ಪೆಟ್ಟಿಗೆ ಇದೆ. ಅದನ್ನು ಯಾರೂ ಒಡೆದೇ ಇಲ್ಲ.

ಆ ವಾರದ ಭಾನುವಾರವೇ ಬಸವಂತಪ್ಪ ಬಸ್ಸು ಹತ್ತಿದ.

ಅಂಗಡಿ ಗುರುಶಾಂತಪ್ಪ ಎಂಬವನದು. ಬಸವಂತಪ್ಪನಿಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು. ಮದುವೆಯಾಗಿರಲಿಲ್ಲ. ವಿಧವೆಯಾದ ತಂಗಿ ನೀಲಮ್ಮ ಜೊತೆಗಿದ್ದಳು. ಅಣ್ಣ ತೂಕ ಮಾಡುತ್ತಿದ್ದ, ತಂಗಿ ಪೊಟ್ಟಣ ಕಟ್ಟುತ್ತಿದ್ದಳು.

ಬಸವಂತಪ್ಪ ಬಂದ ಕಾರಣ ಹೇಳಿದ. ಗುರುಶಾಂತಪ್ಪ ಏಣಿ ಹಾಕಿ ಪೆಟ್ಟಿಗೆ ಇಳಿಸಿದ. ನೀಲಮ್ಮ ಧೂಳು ಒರೆಸಿದಳು. ಒಳಗೆ ಮೇಣದ ಕಾಗದದಲ್ಲಿ ಸುತ್ತಿದ ಕಟ್ಟುಗಳಿದ್ದವು. ಬಸವಂತಪ್ಪ ನೀರು ಕೇಳಿ ಕೈ ತೊಳೆದುಕೊಂಡು ಒಂದೊಂದೇ ಕಟ್ಟು ಬಿಚ್ಚಿದ. ಎಲ್ಲ ಕಾರ್ಡುಗಳ ಮೂಲೆಯೂ ಚೂಪಾಗಿತ್ತು. ಒಂದು ಕಟ್ಟಿನ ನಡುವೆ ಸಿಡಿಲು ಸಂಗಪ್ಪ ಇದ್ದ. ಒಬ್ಬನೇ ಇದ್ದ.

ಬಸವಂತಪ್ಪ ಮೋಸಗಾರನಲ್ಲ. ಸಂಗಪ್ಪನನ್ನು ಬೇರೆ ಕಾರ್ಡುಗಳ ಕೆಳಗೆ ಅಡಗಿಸಲಿಲ್ಲ. ಪೆಟ್ಟಿಗೆಗೆ ನ್ಯಾಯವಾದ ಬೆಲೆಯನ್ನೇ ಹೇಳಿದ. ಬೆಲೆ ಕೇಳಿ ನೀಲಮ್ಮ ಪೊಟ್ಟಣ ಕಟ್ಟುವುದನ್ನು ನಿಲ್ಲಿಸಿದಳು. "ಅಣ್ಣಾ, ಅಷ್ಟರಲ್ಲಿ ಮನೆಯ ಹೆಂಚು ಪೂರ್ತಿ ಬದಲಾಯಿಸಬಹುದು" ಎಂದಳು.

ಗುರುಶಾಂತಪ್ಪ ತಕ್ಕಡಿಯನ್ನು ಬದಿಗೆ ಸರಿಸಿದ.

"ಆಗಲಿ ಸಾಹುಕಾರರೇ, ಕೊಡುತ್ತೇನೆ. ಆದರೆ ಒಂದು ಮಾತು. ತೆಗೆದುಕೊಂಡು ಹೋಗುವ ಮುಂಚೆ ನೀವು ನನ್ನ ಜೊತೆ ಒಂದು ದಿನ ಈ ಆಟ ಆಡಬೇಕು."

"ಯಾವ ಆಟ?"

"ಮಗುಚುವ ಆಟ."

ಬಸವಂತಪ್ಪ ಅವನು ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡ. ನೀಲಮ್ಮನ ಮುಖ ನೋಡಿದ. ಅವಳು ನಗುತ್ತಿರಲಿಲ್ಲ. ಅವಳೇ ವಿಷಯ ಹೇಳಿದಳು.

ಅವರ ತಂದೆ ಬಿಗಿ ಮನುಷ್ಯ. ಅಂಗಡಿಯ ಸಾಮಾನು ಅಂಗಡಿಯದು, ಮನೆಯ ಮಕ್ಕಳದ್ದಲ್ಲ ಎನ್ನುತ್ತಿದ್ದರು. ಗುರುಶಾಂತಪ್ಪ ಶಾಲೆಯಿಂದ ಬಂದವನೇ ಅಂಗಡಿಯಲ್ಲಿ ನಿಲ್ಲಬೇಕು. ಊರಿನ ಮಕ್ಕಳಿಗೆಲ್ಲ ಕಾರ್ಡು ಕೊಟ್ಟವನು ಅವನೇ. ಅವರು ಅಂಗಡಿಯ ಮುಂದಿನ ಕಲ್ಲುಚಪ್ಪಡಿಯ ಮೇಲೆ ಆಡುತ್ತಿದ್ದರು. ಅವನು ಒಳಗೆ ನಿಂತು ನೋಡುತ್ತಿದ್ದ. ತಂದೆ ತೀರಿಕೊಂಡು ಅಂಗಡಿ ಅವನ ಕೈಗೆ ಬಂದಾಗ ಆ ಮಕ್ಕಳೆಲ್ಲ ಮೀಸೆ ಬಂದ ಗಂಡಸರಾಗಿದ್ದರು. ಕೊನೆಗೆ ಬಂದ ಪೆಟ್ಟಿಗೆಯನ್ನು ಕೇಳುವವರಿರಲಿಲ್ಲ. ಅದು ಮೇಲಿನ ಹಲಗೆಗೆ ಹೋಯಿತು.

"ನೀವೇ ಒಡೆದು ಆಡಬಹುದಿತ್ತಲ್ಲ?" ಎಂದ ಬಸವಂತಪ್ಪ.

"ಯಾರ ಜೊತೆ ಆಡಲಿ?" ಎಂದ ಗುರುಶಾಂತಪ್ಪ.

ಬಸವಂತಪ್ಪನಿಗೆ ಅಯ್ಯೋ ಎನಿಸಿತು. ಆದರೂ ಕಾರ್ಡುಗಳನ್ನು ನೋಡಿದರೆ ಮನಸ್ಸು ಒಪ್ಪಲಿಲ್ಲ. "ಆಡಿದರೆ ಮೂಲೆ ಕೆಡುತ್ತದೆ, ಯಜಮಾನರೇ. ಕೆಟ್ಟ ಮೇಲೆ ಇವಕ್ಕೆ ಏನೂ ಬೆಲೆ ಇಲ್ಲ" ಎಂದ.

"ಬೇಡವಾದರೆ ಬೇಡ. ಪೆಟ್ಟಿಗೆ ಇಷ್ಟು ವರ್ಷ ಇಲ್ಲೇ ಇತ್ತು, ಮುಂದೆಯೂ ಇರುತ್ತದೆ" ಎಂದು ಗುರುಶಾಂತಪ್ಪ ಏಣಿಗೆ ಕೈ ಹಾಕಿದ.

ಬಸವಂತಪ್ಪ ಬರಿಗೈಯಲ್ಲಿ ಊರಿಗೆ ಮರಳಿದ. ವಾರವೆಲ್ಲ ಅದನ್ನೇ ಯೋಚಿಸಿದ. ಒಂದು ಸಂಜೆ ಮೂಲೆಯಲ್ಲಿದ್ದ ಬಟ್ಟೆ ಚೀಲ ನೆನಪಾಯಿತು. ಆಡಿದ ಕಾರ್ಡುಗಳು ತನ್ನ ಬಳಿಯೇ ಇವೆ. ಅವು ಇನ್ನೆಷ್ಟು ಸವೆದರೂ ನಷ್ಟವಿಲ್ಲ. ಹೀಗೆ ಯೋಚಿಸಿ ತನ್ನ ಬುದ್ಧಿಗೆ ತಾನೇ ಮೆಚ್ಚಿಕೊಂಡ.

ಮುಂದಿನ ಭಾನುವಾರ ಚೀಲದೊಂದಿಗೆ ಹೋದ. "ಇವುಗಳಿಂದ ಆಡೋಣ" ಎಂದ. ಗುರುಶಾಂತಪ್ಪನಿಗೆ ಯಾವ ಕಾರ್ಡಾದರೂ ಒಂದೇ ಆಗಿತ್ತು. ಅವನು ಸಂತೋಷದಿಂದ ಒಪ್ಪಿದ. ಬಸವಂತಪ್ಪ ಚೀಲದಿಂದ ಒಂದು ಹಿಡಿ ಕಾರ್ಡು ತೆಗೆದು ಅವನಿಗೆ ಕೊಟ್ಟ. ಉಳಿದದ್ದನ್ನು ತಾನಿಟ್ಟುಕೊಂಡ. ನೀಲಮ್ಮ ಅಂಗಡಿಯ ಮುಂದಿನ ಚಪ್ಪಡಿ ಗುಡಿಸಿದಳು. ಇಬ್ಬರೂ ಕುಕ್ಕರುಗಾಲಿನಲ್ಲಿ ಕೂತರು. ಇಬ್ಬರ ಮಂಡಿಯೂ ಲಟಕ್ಕೆಂದಿತು.

ಮೊದಲು ಗುರುಶಾಂತಪ್ಪ ಸೋತ. ಮಣಿಕಟ್ಟು ತಿರುಗಿಸುವುದು ಅವನಿಗೆ ತಿಳಿಯಲಿಲ್ಲ. ಬಸವಂತಪ್ಪ ತೋರಿಸಿಕೊಟ್ಟ. ಎರಡನೆಯ ಸಲವೂ ಸೋತ. ಮೂರನೆಯ ಸಲ ಬಡಿದಾಗ ನೆಲದ ಕಾರ್ಡು ಮಗುಚಿಬಿತ್ತು. ಗುರುಶಾಂತಪ್ಪ ಅದನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದು ನನ್ನದೇ?" ಎಂದು ಕೇಳಿದ. "ಗೆದ್ದಿರಲ್ಲ, ನಿಮ್ಮದೇ" ಎಂದ ಬಸವಂತಪ್ಪ. ಗುರುಶಾಂತಪ್ಪ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ಆಮೇಲೆ ಅವನ ಕೈ ಕುದುರಿತು. ಮಧ್ಯಾಹ್ನದ ಹೊತ್ತಿಗೆ ಬಸವಂತಪ್ಪ ಚೀಲದಲ್ಲಿ ತಂದದ್ದನ್ನೆಲ್ಲ ಸೋತಿದ್ದ. ಕೊನೆಗೆ ಹೋದದ್ದು ಹಸಿರು ಕಾರ್ಡು.

ಗುರುಶಾಂತಪ್ಪ ಎದ್ದು ಕೈ ಕೊಡವಿಕೊಂಡ. "ಆಯಿತು ಸಾಹುಕಾರರೇ. ದೊಡ್ಡ ಉಪಕಾರವಾಯಿತು. ಪೆಟ್ಟಿಗೆ ನಿಮ್ಮದು" ಎಂದ. ಬಸವಂತಪ್ಪ ಹಣ ಕೊಟ್ಟ. ನೀಲಮ್ಮ ಎಣಿಸಿ ಒಳಗಿಟ್ಟಳು. ಪೆಟ್ಟಿಗೆ ಬಸವಂತಪ್ಪನ ಕೈಗೆ ಬಂತು. ಅವನು ಬಂದ ಕೆಲಸ ಮುಗಿದಿತ್ತು. ಬಸ್ಸಿಗೆ ಹೊರಡಬಹುದಿತ್ತು.

ಅವನು ಹೊರಡಲಿಲ್ಲ.

"ಆ ಹಸಿರಿನದೊಂದು ನನಗೆ ಕೊಡಿ, ಯಜಮಾನರೇ" ಎಂದ.

"ಅದು ನಾನು ಗೆದ್ದದ್ದಲ್ಲವೇ?" ಎಂದ ಗುರುಶಾಂತಪ್ಪ. ಮಾತಿನಲ್ಲಿ ಕೊಂಕಿರಲಿಲ್ಲ. "ಬೇಕಿದ್ದರೆ ಗೆದ್ದುಕೊಳ್ಳಿ."

"ನನ್ನ ಹತ್ತಿರ ಕಾರ್ಡಿಲ್ಲ."

ಗುರುಶಾಂತಪ್ಪ ಪೆಟ್ಟಿಗೆಯನ್ನು ನೋಡಿದ.

ಹಸಿರು ಕಾರ್ಡಿಗೆ ಬೆಲೆ ಇಲ್ಲವೆಂದು ಬಸವಂತಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಸೋತು ಎದ್ದುಹೋಗಲು ಮಾತ್ರ ಅವನಿಂದ ಆಗಲಿಲ್ಲ. ಪೆಟ್ಟಿಗೆಯಲ್ಲಿ ಒಬ್ಬನೇ ಪೈಲ್ವಾನನ ಹಲವು ಪ್ರತಿಗಳಿದ್ದವು. ಒಂದು ಹೋದರೆ ಏನಾಯಿತು ಎಂದುಕೊಂಡ. ಕಟ್ಟಿನಿಂದ ಒಂದನ್ನು ಎಳೆದು ಚಪ್ಪಡಿಯ ಮೇಲಿಟ್ಟ.

ಹೊಸ ಕಾರ್ಡು ಬಿರುಸಾಗಿರುತ್ತದೆ. ನೆಲಕ್ಕೆ ಅಂಟಿ ಕೂರುವುದಿಲ್ಲ. ಅಂಚಿನ ಕೆಳಗೆ ಗಾಳಿ ನುಗ್ಗುತ್ತದೆ. ಸವೆದ ಕಾರ್ಡು ಹಾಗಲ್ಲ, ಬಟ್ಟೆಯಂತೆ ಹರಡಿ ಕೂತುಬಿಡುತ್ತದೆ. ಗುರುಶಾಂತಪ್ಪನ ಕೈಯಲ್ಲಿದ್ದವೆಲ್ಲ ಸವೆದ ಕಾರ್ಡುಗಳು. ಅವನು ಒಂದೇ ಏಟಿಗೆ ಹೊಸ ಕಾರ್ಡನ್ನು ಮಗುಚಿದ.

ಬಸವಂತಪ್ಪ ಇನ್ನೊಂದು ಇಟ್ಟ. ಅದೂ ಹೋಯಿತು. ಕಟ್ಟಿನ ಮೇಲೆ ಕಟ್ಟು ಬಿಚ್ಚಿದ. ಕೈ ತೊಳೆಯುವುದನ್ನು ಮರೆತ. ಅಂಗಿಯ ತೋಳು ಮಡಚಿದ. ಎಣ್ಣೆ ಕೊಳ್ಳಲು ಬಂದ ಹೆಂಗಸಿಗೆ ನೀಲಮ್ಮ, "ಸ್ವಲ್ಪ ತಡಿ, ಈ ಕೈ ಮುಗಿಯಲಿ" ಎಂದಳು. ಅವಳೂ ಹೊಸ್ತಿಲ ಮೇಲೆ ಕೂತಿದ್ದಳು.

ಬಿಸಿಲು ಇಳಿಯುವ ಹೊತ್ತಿಗೆ ಬಸವಂತಪ್ಪ ಹಸಿರು ಕಾರ್ಡನ್ನು ಗೆದ್ದ. ಗೆದ್ದು ಕೂಗಿಬಿಟ್ಟ. ಎಣ್ಣೆಗೆ ಬಂದಿದ್ದ ಹೆಂಗಸು ಬೆಚ್ಚಿಬಿದ್ದಳು. ಗುರುಶಾಂತಪ್ಪ ನಗುತ್ತ, "ಇನ್ನೊಂದು ಕೈ?" ಎಂದ.

"ಆಗಲಿ!" ಎಂದ ಬಸವಂತಪ್ಪ.

ಪೆಟ್ಟಿಗೆಯಲ್ಲಿ ಬೇರೆ ಕಾರ್ಡುಗಳಿದ್ದವು. ಆದರೂ ಅವನು ಸಂಗಪ್ಪನನ್ನೇ ಇಟ್ಟ. ಯಾಕೆ ಇಟ್ಟೆ ಎಂದು ಆಮೇಲೆ ಅವನಿಗೇ ತಿಳಿಯಲಿಲ್ಲ. ಗುರುಶಾಂತಪ್ಪ ಬಡಿದ. ಸಂಗಪ್ಪ ಗಾಳಿಯಲ್ಲಿ ಒಂದು ಸುತ್ತು ತಿರುಗಿ ಬೋರಲು ಬಿದ್ದ.

ಅಷ್ಟರಲ್ಲಿ ಕೊನೆಯ ಬಸ್ಸಿನ ಹಾರ್ನ್ ಕೇಳಿಸಿತು. ಬಸವಂತಪ್ಪ ಉಳಿದ ಕಾರ್ಡುಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಓಡಿದ.

ಬಸ್ಸಿನಲ್ಲಿ ಕೂತಾಗಲೂ ಅವನ ಮುಖದಲ್ಲಿ ನಗು ಇತ್ತು. ಪಕ್ಕದವನ ಜೊತೆ ಕಾರಣವಿಲ್ಲದೆ ಮಾತಾಡಿದ. ಮನೆಗೆ ಬಂದು ದೀಪ ಹಾಕಿ ಪೆಟ್ಟಿಗೆ ತೆರೆದಾಗ ನಗು ಹೋಯಿತು. ಅರ್ಧ ಕಾರ್ಡುಗಳಿರಲಿಲ್ಲ. ಇದ್ದವುಗಳಲ್ಲಿ ಹೆಚ್ಚಿನವಕ್ಕೆ ಮೂಲೆ ಮುರಿದಿತ್ತು, ಕಲ್ಲಿನ ಪುಡಿ ಅಂಟಿತ್ತು. ಸಂಗಪ್ಪ ಇರಲಿಲ್ಲ.

ಮರುದಿನ ಬೆಲೆ ಕಟ್ಟುವವನ ಬಳಿಗೆ ಹೋದ. ಅವನು ಭೂತಗನ್ನಡಿಯನ್ನು ಕೈಗೆ ಎತ್ತಿಕೊಳ್ಳಲೇ ಇಲ್ಲ. "ಇವನ್ನು ಯಾವ ಮಕ್ಕಳ ಕೈಗೆ ಕೊಟ್ಟಿರಿ?" ಎಂದು ಕೇಳಿದ.

ಬಸವಂತಪ್ಪನಿಗೆ ನಾಚಿಕೆಯಾಯಿತು. ನಾಚಿಕೆ ಸಿಟ್ಟಾಯಿತು. ಆ ಅಂಗಡಿಯವನು ಹಣವನ್ನೂ ತೆಗೆದುಕೊಂಡ, ಮಾಲನ್ನೂ ಉಳಿಸಿಕೊಂಡ, ಏನೂ ತಿಳಿಯದವನಂತೆ ಕೂತು ನನ್ನನ್ನು ಕುಣಿಸಿದ ಎಂದ. ಗಿರಾಕಿಗಳ ಎದುರಿಗೂ ಹಾಗೆಯೇ ಹೇಳಿಕೊಂಡ. ಹೇಳುತ್ತ ಹೇಳುತ್ತ ಅದೇ ನಿಜವೆಂದು ಅವನಿಗೂ ಅನಿಸಿತು. ಮತ್ತೆ ಆ ಊರಿನ ಕಡೆಗೆ ಹೋಗಲಿಲ್ಲ. ಬೀರುವಿನ ಬಾಗಿಲನ್ನೂ ತೆಗೆಯಲಿಲ್ಲ. ಮಳೆಗಾಲ ಕಳೆಯಿತು. ಹಬ್ಬಕ್ಕೆ ಜನ ಮನೆಗಳಿಗೆ ಬಣ್ಣ ಹೊಡೆಸುವ ಕಾಲ ಬಂತು. ಅಂಗಡಿ ತುಂಬಿತ್ತು. ಅವನು ಎಲ್ಲರೊಂದಿಗೂ ಸಿಡುಕುತ್ತಿದ್ದ.

ಆದರೆ ಬೆಲೆ ಕಟ್ಟುವವನು ಸಂಗಪ್ಪನ ಬಗ್ಗೆ ಬಸವಂತಪ್ಪನ ಬಾಯಿಂದ ಕೇಳಿದ್ದನ್ನು ಮರೆತಿರಲಿಲ್ಲ. ಸಂಗಪ್ಪ ಕಲ್ಲಿನ ಮೇಲೆ ಬಿದ್ದದ್ದು ಒಂದೇ ಸಲ. ಮೂಲೆ ಇನ್ನೂ ಉಳಿದಿರಬಹುದು ಎಂದು ಲೆಕ್ಕ ಹಾಕಿದ. ತಾನೇ ಗುರುಶಾಂತಪ್ಪನ ಅಂಗಡಿಗೆ ಹೋದ. ಕಾರ್ಡು ತೋರಿಸಿ ಎಂದ. ಗುರುಶಾಂತಪ್ಪ ಒಂದು ಗಾಜಿನ ಭರಣಿ ಇಳಿಸಿದ. ಗೆದ್ದ ಕಾರ್ಡುಗಳೆಲ್ಲ ಅದರಲ್ಲಿದ್ದವು. ಸಂಗಪ್ಪನ ಮೂರು ಮೂಲೆ ಚೂಪಾಗಿಯೇ ಇದ್ದವು. ಇಷ್ಟು ಚೆನ್ನಾದ ಸಂಗಪ್ಪನಿಗೆ ಈಗ ನಗರದಲ್ಲಿ ಬೆಲೆ ಏರಿತ್ತು. ಬೆಲೆ ಕಟ್ಟುವವನು ಹಿಂದೆ ಇಡೀ ಪೆಟ್ಟಿಗೆಗೆ ಬಸವಂತಪ್ಪ ಕೊಟ್ಟದ್ದಕ್ಕಿಂತ ಹೆಚ್ಚು ಕೊಡುತ್ತೇನೆ ಎಂದ. ಅದೂ ಒಂದೇ ಕಾರ್ಡಿಗೆ.

ಗುರುಶಾಂತಪ್ಪ ಭರಣಿಯ ಮುಚ್ಚಳ ಹಾಕಿದ.

"ಇದು ಕೊಡುವುದಲ್ಲ."

"ಯಾಕೆ? ನಿಮ್ಮದೇ ಅಲ್ಲವೇ?"

"ನನ್ನದೇ. ಆದರೆ ಬಸವಂತಪ್ಪನವರು ಬರುತ್ತಾರೆ."

"ಅವರು ಬರುವುದಿಲ್ಲ, ಯಜಮಾನರೇ. ನಿಮ್ಮ ಮೇಲೆ ಕೆಂಡವಾಗಿದ್ದಾರೆ. ನೀವು ಮೋಸ ಮಾಡಿದಿರಿ ಎಂದು ಊರಿಗೆಲ್ಲ ಹೇಳಿದ್ದಾರೆ."

ನೀಲಮ್ಮ ಪೊಟ್ಟಣದ ದಾರ ಕಡಿದು ತಲೆ ಎತ್ತಿದಳು. ಗುರುಶಾಂತಪ್ಪನಿಗೆ ಬೇಸರವಾದಂತೆ ಕಾಣಲಿಲ್ಲ.

"ಸೋತವರು ಹಾಗೆಯೇ ಹೇಳುತ್ತಾರೆ. ಈ ಚಪ್ಪಡಿಯ ಮೇಲೆ ಎಷ್ಟು ಜನರನ್ನು ನೋಡಿಲ್ಲ? ಮೋಸ ಮೋಸ ಎಂದು ಅತ್ತುಕೊಂಡು ಹೋಗುತ್ತಿದ್ದರು. ಆಮೇಲೆ 'ಬಾರೋ, ಆಡೋಣ' ಎಂದು ಬರುತ್ತಿದ್ದರು. ಸೋತವನು ಬಂದಾಗ ಗೆದ್ದವನು ಇಲ್ಲ ಅನ್ನುವ ಹಾಗಿಲ್ಲ. ಗೆದ್ದದ್ದನ್ನು ಮಾರಿಕೊಂಡಿದ್ದೇನೆ ಎನ್ನುವುದಂತೂ ಆಗಲೇಬಾರದು."

ಬೆಲೆ ಕಟ್ಟುವವನು ಇನ್ನೂ ಏರಿಸಿದ. ಗುರುಶಾಂತಪ್ಪ ಮೆಣಸಿನಕಾಯಿ ತೂಗಲು ಹೊರಳಿದ.

ಮರಳುವ ದಾರಿಯಲ್ಲಿ ಬೆಲೆ ಕಟ್ಟುವವನು ಬಸವಂತಪ್ಪನ ಅಂಗಡಿಗೆ ಬಂದು, ಎಂಥ ಹುಚ್ಚ ಸಿಕ್ಕಿದ್ದ ನೋಡಿ ಎಂದು ನಡೆದದ್ದನ್ನೆಲ್ಲ ಹೇಳಿದ. ಹೇಳಿ ನಕ್ಕ. ಬಸವಂತಪ್ಪ ನಗಲಿಲ್ಲ. ಒಂದು ಬಣ್ಣದ ಡಬ್ಬಿಯನ್ನು ಈ ಕಡೆಯಿಂದ ಆ ಕಡೆಗೆ ಇಟ್ಟ. ಮತ್ತೆ ಈ ಕಡೆಗೆ ಇಟ್ಟ. ಆ ಮನುಷ್ಯನ ಬಗ್ಗೆ ತಾನು ಯಾರು ಯಾರ ಮುಂದೆ ಏನೇನು ಹೇಳಿದ್ದೇನೆ ಎಂದು ನೆನಪಾಯಿತು.

ಆ ಭಾನುವಾರ ಹೋದ. ಗುರುಶಾಂತಪ್ಪನ ಅಂಗಡಿಯ ಮುಂದೆ ನಿಂತ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದ. ಚಪ್ಪಲಿ ಕಳಚಿ ಚಪ್ಪಡಿಯ ಪಕ್ಕಕ್ಕಿಟ್ಟ.

"ಬಂದಿರಾ" ಎಂದ ಗುರುಶಾಂತಪ್ಪ. ಭರಣಿ ಇಳಿಸಿದ.

ನೀಲಮ್ಮ ಮಾತ್ರ ಅವನನ್ನು ಸುಮ್ಮನೆ ಬಿಡಲಿಲ್ಲ. "ಮೋಸಗಾರರ ಮನೆಯ ಚಹಾ ಕುಡಿಯುತ್ತೀರಾ ಸಾಹುಕಾರರೇ?" ಎಂದಳು. ಬಸವಂತಪ್ಪ ತಲೆ ತಗ್ಗಿಸಿ, "ಕೊಡಿ ತಾಯಿ, ಕುಡಿಯುತ್ತೇನೆ" ಎಂದ. ಅವಳು ಕೊಟ್ಟಳು.

ಅವತ್ತು ಅವನು ಸಂಗಪ್ಪನನ್ನು ಗೆಲ್ಲಲಿಲ್ಲ. ಅದರ ಮುಂದಿನ ಸಲ ಗೆದ್ದ. ಗೆದ್ದು ಮನೆಗೆ ತಂದ. ಬೀರು ತೆರೆದು ಖಾಲಿ ಜಾಗದಲ್ಲಿ ಇಟ್ಟ. ಭಾನುವಾರ ಬಂದಾಗ ತೆಗೆದುಕೊಂಡು ಹೊರಟ. ಸಂಗಪ್ಪ ಹೀಗೆ ಆ ಭರಣಿಗೂ ಈ ಬೀರುವಿಗೂ ಓಡಾಡಿದ. ಮೂಲೆಗಳು ಹೋದವು. ಬಣ್ಣ ಹೋಯಿತು. ಮೀಸೆ ಅಳಿಸಿತು. ಹಿಂದೆ ಅಚ್ಚಾಗಿದ್ದ ತೂಕ, ಎತ್ತರ ಓದಲು ಬರದಂತಾಯಿತು. ಬೆಲೆ ಕಟ್ಟುವವನು ಒಮ್ಮೆ ಅದನ್ನು ಕಂಡು ಮುಖ ತಿರುಗಿಸಿಕೊಂಡ.

ಒಂದು ದಿನ ಗುರುಶಾಂತಪ್ಪ ಜೋರಾಗಿ ಬಡಿದಾಗ ಸಂಗಪ್ಪ ನಡುವಿಗೆ ಹರಿದು ಎರಡಾದ. ಇಬ್ಬರೂ ಆ ಎರಡು ತುಂಡುಗಳನ್ನು ನೋಡುತ್ತ ಕೂತರು. ಇನ್ನು ಅದು ಮಗುಚುವ ಹಾಗೂ ಇರಲಿಲ್ಲ, ಬಡಿಯುವ ಹಾಗೂ ಇರಲಿಲ್ಲ. ನೀಲಮ್ಮ ಚಪ್ಪಡಿ ಗುಡಿಸಲು ಬಂದಳು. ಯಾರೂ ಬೇಡ ಎನ್ನಲಿಲ್ಲ.

ಸ್ವಾಮಿಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯ ಯೋಚಿಸಿದ. ಆಮೇಲೆ ಕೇಳಿದ: "ಬುದ್ಧಿ, ಅಷ್ಟು ಬೆಲೆಬಾಳುವ ಕಾರ್ಡನ್ನು ಒಬ್ಬ ಮಾರಲಿಲ್ಲ, ಇನ್ನೊಬ್ಬ ಕಾಪಾಡಲಿಲ್ಲ. ಕೊನೆಗೆ ಇಬ್ಬರ ಕೈಯಲ್ಲೂ ಏನೂ ಉಳಿಯಲಿಲ್ಲವಲ್ಲ?"

"ಅದರ ಮುಂದಿನ ಭಾನುವಾರವೂ ಬಸವಂತಪ್ಪ ಆ ಊರಿಗೆ ಹೋದ" ಎಂದರು ಸ್ವಾಮಿಗಳು.

ಶಿಷ್ಯ ಎದ್ದು, ಹೊಸ ಕಂಬಳಿ ಇಟ್ಟಿದ್ದ ಉಗ್ರಾಣದ ಕಡೆಗೆ ನಡೆದ.